ಮನೆ ಅಂಗಳದಲ್ಲೇ ಪಿಕಪ್ ಆಯಿಲ್ ಬದಲಿಸುವುದು ಹೇಗೆ?

ಬರೀ ಜಾಕ್ ನಂಬಿ ಅರ್ಧ ಮೈ ಗಾಡಿ ಕೆಳಗೆ ತೂರಿಸಿದವರನ್ನು ನಮ್ಮ ಬಾಗಲಕೋಟೆ ಕಡೆ ಎಷ್ಟೋ ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಎರೆಮಣ್ಣಿನಲ್ಲಿ ಜಾಕ್ ನಿಧಾನವಾಗಿ ಇಳಿಯುತ್ತದೆ. ಫರಸಿ ಕಲ್ಲಿನ ಮೇಲಿಟ್ಟರೆ ಕಲ್ಲು ಒಡೆಯಬಹುದು, ಜಾಕ್ ಜಾರಲೂಬಹುದು.

ಹಾಗಾಗಿ ನನ್ನ ಮಾತು ಇಷ್ಟೇ: ಪಿಕಪ್ ಎತ್ತಲೇಬೇಡಿ. ಖಾಲಿ ಗಾಡಿ ಎತ್ತರವೇ ಇರುತ್ತದೆ, ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿದರೆ ಮಲಗಿಕೊಂಡು ಕೈ ಹಾಕಬಹುದು. ಎತ್ತಲೇಬೇಕಾದರೆ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಎರಡೂ ಕಡೆ ಜಾಕ್ ಸ್ಟ್ಯಾಂಡ್, ಅಂದರೆ ಭಾರ ಹೊರುವ ಕಬ್ಬಿಣದ ಕಾಲು ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಒಮ್ಮೆಲೇ ಒಡೆಯುತ್ತವೆ.

ಮೊದಲು ಎಂಜಿನ್ ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಈಗಷ್ಟೇ ಲೋಡ್ ಇಳಿಸಿ ಬಂದ ಗಾಡಿಯಾದರೆ ಅರ್ಧ ತಾಸು ಆರಲು ಬಿಡಿ, ಕುದಿಯುವ ಆಯಿಲ್ ಕೈ ಸುಡುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ಗೆ ಹಾಕಿ, ಕೀಲಿ ಜೇಬಿಗಿಟ್ಟುಕೊಳ್ಳಿ. ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿ. ಮೇಲಿನ ಆಯಿಲ್ ಮುಚ್ಚಳ ತೆಗೆಯಿರಿ.

ಇನ್ನು ಡ್ರೈನ್ ಬೋಲ್ಟ್, ಅಂದರೆ ಹಳೇ ಆಯಿಲ್ ಇಳಿಸುವ ಬೋಲ್ಟ್. ಹೆಚ್ಚಿನವರು ಎಡವುವುದು ಇಲ್ಲೇ. ಎಂಜಿನ್‌ದು ಅಂದುಕೊಂಡು ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿದವರಿದ್ದಾರೆ. ಎಂಜಿನ್ ತಳದ ತಟ್ಟೆಯಂಥ ಭಾಗದಲ್ಲಿರುವುದನ್ನೇ ಗುರುತಿಸಿಕೊಳ್ಳಿ. ರಿಂಗ್ ಪಾನಾ ಬಳಸಿ. ಅಡ್ಜಸ್ಟೆಬಲ್ ಪಾನಾ ಬೋಲ್ಟ್ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಕೆಳಗಿನಿಂದ ಬೋಲ್ಟ್ ತಲೆ ನೋಡುತ್ತಾ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ. ದಿಕ್ಕು ತಪ್ಪಿ ಇನ್ನಷ್ಟು ಬಿಗಿದು ಥ್ರೆಡ್ ಹಾಳು ಮಾಡಿಕೊಂಡರೆ ಖರ್ಚು ಜಾಸ್ತಿ. ಕೊನೆಯ ಸುತ್ತುಗಳನ್ನು ಕೈಯಿಂದ ಬಿಚ್ಚಿ, ಬೋಲ್ಟ್ ಒಳಕ್ಕೆ ಒತ್ತಿಕೊಂಡೇ ಇರಿ, ಕೈಗವಸು ಹಾಕಿ, ಮುಖ ಪಕ್ಕಕ್ಕಿರಲಿ. ಅಗಲವಾದ ಟಬ್ ಮೊದಲೇ ಇಟ್ಟಿರಿ.

ಹನಿ ನಿಂತ ಮೇಲೆ ಹೊಸ ವಾಷರ್ ಹಾಕಿ. ಹಳೆಯದೇ ಸಾಕು ಅನ್ನಬೇಡಿ. ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ. ಪೈಪ್ ಸೇರಿಸಿ ಪಾನಾ ಉದ್ದ ಮಾಡಿ ಬಿಗಿಯುವ ಚಟ ಬಿಡಿ.

ಆಯಿಲ್ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂತಾ ನೋಡಿ. ಹಳೆಯದು ಎಂಜಿನ್‌ಗೆ ಅಂಟಿಕೊಂಡಿದ್ದರೆ ಅದರ ಮೇಲೆ ಹೊಸದು ಕೂತು ಆಯಿಲ್ ಚಿಮ್ಮುತ್ತದೆ. ಹೊಸ ರಿಂಗ್‌ಗೆ ಚೂರು ಆಯಿಲ್ ಸವರಿ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡ್ ಆಯಿಲನ್ನೇ ಹಾಕಿ. ಡಬ್ಬಿಯಿಲ್ಲದ ಲೂಸ್ ಆಯಿಲ್ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಡೀಸೆಲ್ ಸುರಿದು ಎಂಜಿನ್ ತೊಳೆಯುವುದೂ ಬೇಡ, ಓಡಿಸಿದರೆ ಬೇರಿಂಗ್ ಸವೆಯುತ್ತವೆ. ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಗೇರ್ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಕೂಡಲೇ ನಿಲ್ಲಿಸಿ. ಆರಿದರೆ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಕಡಿಮೆಯಿದ್ದರೆ ಚೂರು ಚೂರೇ ಹಾಕಿ. ಮೇಲಿನ ಗೆರೆ ದಾಟಬಾರದು. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಹಳೇ ಆಯಿಲ್ ಚರಂಡಿಗಾಗಲಿ, ಹೊಲದ ಬದುವಿಗಾಗಲಿ ಸುರಿಯಬೇಡಿ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಹಳೆಯ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಆಯಿಲ್ ವಾಪಸ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟು ಬನ್ನಿ.