ಸಿಮ್ಯುಲೇಶನ್ ಫಲಿತಾಂಶಗಳನ್ನು ನಾನು ಉಳಿಸಿಡುವ ಬಗೆ

ದ್ರವಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಒಂದೊಂದು ರನ್ ಮುಗಿಯಲು ದಿನಗಟ್ಟಲೆ ಬೇಕು. ಹಾಗಾಗಿ ಎರಡು ಬಗೆಯ ಫೈಲ್‌ಗಳನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ: ನಿಂತ ಲೆಕ್ಕವನ್ನು ಮುಂದುವರಿಸಲು ಒಂದು, ಫಲಿತಾಂಶವನ್ನು ಇತರರಿಗೆ ಕೊಡಲು ಇನ್ನೊಂದು.

ಮೊದಲನೆಯದರಲ್ಲಿ ವೇಗ, ಒತ್ತಡಗಳಷ್ಟೇ ಇದ್ದರೆ ಸಾಲದು. ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಎರಡು ಹಂತದ ಆಡಮ್ಸ್-ಬ್ಯಾಶ್‌ಫೋರ್ತ್ ವಿಧಾನಕ್ಕೆ ಹಿಂದಿನ ಹೆಜ್ಜೆಯ ಬದಲಾವಣೆಯ ದರವೂ ಬೇಕು. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದ್ದರೆ ಜನರೇಟರಿನ ಆ ಕ್ಷಣದ ಸ್ಥಿತಿಯನ್ನೂ ಬರೆದಿಡಬೇಕು. ಆರಂಭದ ಸೀಡ್ (ಜನರೇಟರಿಗೆ ಮೊದಲು ಕೊಡುವ ಸಂಖ್ಯೆ) ಮಾತ್ರ ಗೊತ್ತಿದ್ದರೆ ನಡುವಿನಿಂದ ಹೊರಡಲಾಗದು. ಹೊಸ ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದ ಮೇಲಷ್ಟೇ ಹಳೆಯದರ ಹೆಸರಿಗೆ ಬದಲಿಸುತ್ತೇನೆ. ಬರೆಯುವಾಗ ವಿದ್ಯುತ್ ಹೋದರೂ ಹಳೆಯ ಪ್ರತಿ ಉಳಿದಿರುತ್ತದೆ.

ಇದೆಲ್ಲ ಸರಿಯಿದೆಯೇ ಎಂದು ತಿಳಿಯಲು ಲೆಕ್ಕ ಹಾಕುವ ಬಿಂದುಗಳ ಚಿಕ್ಕ ಜಾಲರಿಯೊಂದನ್ನು ತೆಗೆದುಕೊಂಡು, ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ನೂರು ಹೆಜ್ಜೆಗಳನ್ನು ಎಡೆಬಿಡದೆ ನಡೆಸುತ್ತೇನೆ. ಅದನ್ನೇ ಮತ್ತೊಮ್ಮೆ ಐವತ್ತಕ್ಕೆ ನಿಲ್ಲಿಸಿ, ಪ್ರೋಗ್ರಾಮನ್ನು ಮುಚ್ಚಿ, ಫೈಲಿನಿಂದ ಮುಂದುವರಿಸುತ್ತೇನೆ. ಎರಡರ ವ್ಯತ್ಯಾಸ ಶುದ್ಧ ಸೊನ್ನೆಯಾಗಿರಬೇಕು. ಹನ್ನೆರಡನೇ ದಶಮಾಂಶ ಸ್ಥಾನದಲ್ಲಿ ಏನಾದರೂ ಕಂಡರೂ ಯಾವುದೋ ಚರ ಬಿಟ್ಟುಹೋಗಿದೆ ಎಂದು ಹುಡುಕಲು ಕೂರುತ್ತೇನೆ. ಹಲವು ಕೋರ್‌ಗಳಲ್ಲಿ ಕೂಡಿಸುವ ಕ್ರಮ ಬದಲಾದರೂ ಕೊನೆಯ ಅಂಕಿಗಳು ಅಲುಗಾಡುತ್ತವೆ; ಒಂದೇ ಕೋರ್ ಬಳಸುವುದು ಅದಕ್ಕಾಗಿ.

ಇಷ್ಟು ಹಟ ಅತಿಯಾಯಿತು ಎನ್ನುವವರಿಗೆ 1961ರ ಸಂಗತಿಯೊಂದನ್ನು ಹೇಳುತ್ತೇನೆ. ಎಂಐಟಿಯ ಎಡ್ವರ್ಡ್ ಲೊರೆನ್ಜ್ ತಮ್ಮ ಹವಾಮಾನ ಮಾದರಿಯನ್ನು ನಡುವಿನಿಂದ ಮತ್ತೆ ನಡೆಸಲು ಮುದ್ರಿತ ಹಾಳೆಯಲ್ಲಿದ್ದ ಸಂಖ್ಯೆಗಳನ್ನೇ ಕೊಟ್ಟರು. ಯಂತ್ರದ ನೆನಪಿನಲ್ಲಿದ್ದದ್ದು 0.506127, ಹಾಳೆಯಲ್ಲಿದ್ದದ್ದು 0.506. ಲೆಕ್ಕ ಕ್ರಮೇಣ ಪೂರ್ತಿ ಬೇರೆಯೇ ದಾರಿ ಹಿಡಿಯಿತು.

ಸಂಖ್ಯೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಪಠ್ಯವಾಗಿ ಬರೆಯುವ ಸಿಎಸ್‌ವಿ ಫೈಲುಗಳ ವಿಷಯದಲ್ಲಿ ನನಗಿರುವ ಎಚ್ಚರ ಇದೇ. ಡಬಲ್ (ಕಂಪ್ಯೂಟರ್ 64 ಬಿಟ್‌ಗಳಲ್ಲಿ ಇಡುವ ದಶಮಾಂಶ) ಸಂಖ್ಯೆಯೊಂದು ಪಠ್ಯವಾಗಿ ಹೋಗಿ ಹಾಗೆಯೇ ಮರಳಿ ಬರಬೇಕಾದರೆ 17 ಸಾರ್ಥಕ ಅಂಕಿಗಳು ಬೇಕು. ಗಣಿತದ ಲೆಕ್ಕಗಳಿಗೆ ಬಳಸುವ ಮ್ಯಾಟ್‌ಲ್ಯಾಬ್ ತಂತ್ರಾಂಶದ ಹಳೆಯ ಸಿಎಸ್‌ವಿರೈಟ್ ಆದೇಶ ಹೆಚ್ಚೆಂದರೆ ಐದನ್ನು ಬರೆಯುತ್ತದೆ. ನಕ್ಷೆ ಬಿಡಿಸಲು ಅದು ಸಾಕು, ಲೆಕ್ಕ ಮುಂದುವರಿಸಲು ಸಾಲದು. ಆದ್ದರಿಂದ ಪೂರ್ಣ ದತ್ತಾಂಶವನ್ನು ದೊಡ್ಡ ದತ್ತಾಂಶಕ್ಕೆಂದೇ ಇರುವ ಎಚ್‌ಡಿಎಫ್5 ಎಂಬ ಫೈಲ್ ಮಾದರಿಯಲ್ಲಿ ಇಡುತ್ತೇನೆ. ಏಕಮಾನ, ಜಾಲರಿಯ ಅಂತರ, ಪ್ರೋಗ್ರಾಮಿನ ಆವೃತ್ತಿ ಎಲ್ಲವನ್ನೂ ಅದರೊಳಗೇ ಬರೆಯಬಹುದು. ಮ್ಯಾಟ್‌ಲ್ಯಾಬಿನ 7.3 ಮಾದರಿಯ ಮ್ಯಾಟ್ ಫೈಲಿನ ಒಳಗಿರುವುದೂ ಎಚ್‌ಡಿಎಫ್5 ರಚನೆಯೇ. 2 ಗಿಗಾಬೈಟ್ ಮೀರಿದ ಚರವನ್ನು ಉಳಿಸಲು ಆ ಮಾದರಿಯೇ ಬೇಕು.

ಆ ಮ್ಯಾಟ್ ಫೈಲನ್ನು ಪೈಥಾನ್ ಭಾಷೆಯ ಎಚ್5ಪೈ ಲೈಬ್ರರಿಯಲ್ಲಿ ತೆರೆದರೆ ಸಾಲು ಕಂಬವಾಗಿ, ಕಂಬ ಸಾಲಾಗಿ ಕಾಣುತ್ತದೆ. ಮ್ಯಾಟ್‌ಲ್ಯಾಬ್ ನೆನಪಿನಲ್ಲಿ ಕಂಬದ ಕ್ರಮದಲ್ಲಿ ಜೋಡಿಸುತ್ತದೆ, ಪೈಥಾನಿನ ಸಂಖ್ಯಾ ಲೈಬ್ರರಿ ನಂಪೈ ಸಾಮಾನ್ಯವಾಗಿ ಸಾಲಿನ ಕ್ರಮದಲ್ಲಿ. ಚೌಕಾಕಾರದ ಜಾಲರಿಯಾದರೆ ಅಳತೆ ನೋಡಿ ಇದು ಗೊತ್ತಾಗುವುದೇ ಇಲ್ಲ. ಆದುದರಿಂದ ಯಾರಿಗೇ ಫೈಲ್ ಕಳುಹಿಸಲಿ, ಎರಡನೇ ಸಾಲಿನ ಐದನೇ ಕಂಬದ ಬೆಲೆ ಎಷ್ಟಿರಬೇಕೆಂದು ಜೊತೆಯಲ್ಲೇ ಬರೆದು ಕಳುಹಿಸುತ್ತೇನೆ.