ಮ್ಯಾವರಿಕ್ಸ್ ಹುಡುಕಲು ಹೋದರೆ ಕಾರು ಸಿಕ್ಕಿತು

ಮೊದಲ ದಿನ ನನಗೆ ಸಿಕ್ಕಿದ್ದು ಬರೀ ಕಾರುಗಳು. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಲೈಬ್ರರಿಯ ಹಳೇ ಪೇಪರ್‌ಗಳಲ್ಲಿ 'ಮ್ಯಾವರಿಕ್' ಅಂತ ಹೊಡೆದು, 1973ರಿಂದ 1977 ಅಂತ ವರ್ಷ ಕೊಟ್ಟೆ. ರಾಶಿ ರಾಶಿ ಪುಟ ಬಂದವು. ತೆರೆದು ನೋಡಿದರೆ ಫೋರ್ಡ್ ಮ್ಯಾವರಿಕ್ ಕಾರಿನ ಜಾಹೀರಾತು. ಒಂದರ ಹಿಂದೆ ಒಂದು. ಫೋರ್ಡ್‌ನವರು ಆ ಕಾರು ಮಾರುತ್ತಿದ್ದ ಕಾಲದಲ್ಲೇ ಪೋರ್ಟ್‌ಲ್ಯಾಂಡ್ ಮ್ಯಾವರಿಕ್ಸ್ ಅನ್ನೋ ಬೇಸ್‌ಬಾಲ್ ತಂಡವೂ ಆಡುತ್ತಿತ್ತು. ಎರಡು ಸಂಜೆ ಹೀಗೇ ಹೋಯಿತು.

ಮೂರನೇ ದಿನ ಬುದ್ಧಿ ಬಂತು. ತಂಡದ ಹೆಸರು ಬಿಟ್ಟು ಎದುರಾಳಿ ಊರಿನ ಹೆಸರು ಹಾಕಿದೆ: ವಾಲಾ ವಾಲಾ, ಬೆಲ್ಲಿಂಗ್‌ಹ್ಯಾಮ್. ವಾಲಾ ವಾಲಾ ಅಂತ ಯಾರೂ ಕಾರು ಮಾಡಿಲ್ಲವಲ್ಲ. ಇವರ ಲೀಗ್ ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಶುರುವಿನ ತನಕ. ತಿಂಗಳುಗಳನ್ನೂ ಅಷ್ಟಕ್ಕೇ ಕಟ್ಟಿಹಾಕಿದ ಮೇಲೆ ಆಟದ ಪುಟಗಳು ಒಂದೊಂದಾಗಿ ಮೇಲೆ ಬಂದವು.

ನಾನು ಸಾಫ್ಟ್‌ವೇರ್ ಕೆಲಸದವನು, ಇತಿಹಾಸ ಓದಿದವನಲ್ಲ. ತಿಪಟೂರಿನಲ್ಲಿ ಕಾಲೇಜಿಗೆ ಹೋಗುವಾಗ ನನಗೆ ಬ್ಯಾಟು ಕೊಡುತ್ತಿರಲಿಲ್ಲ, ಸ್ಕೋರ್ ಪುಸ್ತಕ ಕೊಟ್ಟು ಮರದ ಕೆಳಗೆ ಕೂರಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ವಾರಾಂತ್ಯದ ಕ್ರಿಕೆಟ್ ತಂಡದಲ್ಲೂ ಅದೇ ಕೆಲಸ. ತಂಡದವರು ವರ್ಷಕ್ಕೊಂದು ಚಿಕ್ಕ ಪುಸ್ತಕ ಮಾಡುತ್ತೇವೆ. "ನಮ್ಮ ಹಾಗೆ ಯಾರ ಆಸರೆಯೂ ಇಲ್ಲದೆ ಆಡಿದ ತಂಡ ಈ ಊರಲ್ಲಿ ಇತ್ತಂತೆ, ಬರೀರಿ" ಅಂದರು. ಒಪ್ಪಿಕೊಂಡೆ. ಒಂದು ತಿಂಗಳಲ್ಲಿ ಮುಗಿಸುತ್ತೇನೆ ಅಂದಿದ್ದೆ, ಎಂಟು ತಿಂಗಳು ಹಿಡಿಯಿತು.

ಕಥೆ ಹೀಗೆ. ಪೋರ್ಟ್‌ಲ್ಯಾಂಡಿನಲ್ಲಿ ಬೀವರ್ಸ್ ಅಂತ ಟ್ರಿಪಲ್ ಎ ತಂಡ ಇತ್ತು. ಬೇಸ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಮೇಲಿನದಾದ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ದರ್ಜೆ. 1972ರ ಸೀಸನ್ ಮುಗಿದ ಮೇಲೆ ಅದು ಸ್ಪೋಕೇನ್‌ಗೆ ಹೊರಟುಹೋಯಿತು. ಖಾಲಿ ಬಿದ್ದ ಊರಿಗೆ ಬಂದವನು ಬಿಂಗ್ ರಸೆಲ್. ಟಿವಿಯ 'ಬೊನಾನ್ಜಾ'ದಲ್ಲಿ ಶೆರಿಫ್‌ನ ಕೈಕೆಳಗಿನ ಪೋಲೀಸಿನವನ ಪಾತ್ರ ಮಾಡುತ್ತಿದ್ದ ನಟ. ನಟ ಕರ್ಟ್ ರಸೆಲ್‌ನ ಅಪ್ಪ. ಮಗನೂ ಈ ತಂಡಕ್ಕೆ ಆಡಿದ. ಮೈನರ್ ಲೀಗ್ ತಂಡ ಅಂದರೆ ಸಾಮಾನ್ಯವಾಗಿ ಯಾವುದೋ ಮೇಜರ್ ತಂಡದ ನರ್ಸರಿ. ಆಟಗಾರರನ್ನು ಕಳಿಸುವವರು ಅವರು, ಸಂಬಳ ಕೊಡುವವರೂ ಅವರೇ. ಬಿಂಗ್ ಆ ಹಂಗೇ ಬೇಡ ಅಂದ. ಯಾರು ಬೇಕಾದರೂ ಬನ್ನಿ, ಆಡಿ ತೋರಿಸಿ ಅಂತ ಬಹಿರಂಗ ಆಯ್ಕೆ ಇಟ್ಟ. ಬೇರೆ ತಂಡಗಳು ಕೈಬಿಟ್ಟವರು, ವಯಸ್ಸು ಮೀರಿದವರು, ಕೆಲಸ ಬಿಟ್ಟು ಬಂದವರು, ಎಲ್ಲ ಸಾಲು ನಿಂತರು. ಎಡಗೈಯಲ್ಲಿ ಚೆಂಡೆಸೆಯುವ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಥರದವನು, ಒಬ್ಬನೂ ಇದ್ದ. ಬೇಸ್‌ಬಾಲ್ ಗೊತ್ತಿದ್ದವರು ಇದನ್ನು ಕೇಳಿದರೆ ಸಾಕು, ನಗುತ್ತಾರೆ. ಅಂಥ ಕ್ಯಾಚರ್ ಅಷ್ಟು ಅಪರೂಪ.

ಇಂಥ ತಂಡದ ಬಗ್ಗೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಕಥೆ ಹೇಳುವವರು ಜಾಸ್ತಿ, ಪ್ರತಿ ಸಲ ಹೇಳಿದಾಗಲೂ ಕಥೆ ಒಂದು ಗೇಣು ಬೆಳೆಯುತ್ತೆ. ಮೊಟ್ಟಮೊದಲ ಪಂದ್ಯದಲ್ಲೇ ಇವರ ಪಿಚರ್ (ಚೆಂಡೆಸೆಯುವವನು) ಎದುರಾಳಿಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಅನ್ನೋ ಓಟದ ನಿಲ್ದಾಣ ಮುಟ್ಟುವುದು) ಕೊಡಲಿಲ್ಲ ಅಂತ ಕೇಳಿದಾಗ ನಂಬಲಿಲ್ಲ. ಬುರುಡೆ ಅಂದುಕೊಂಡೆ. ಹುಡುಕಿದರೆ ನಿಜ. ಜೀನ್ ಲ್ಯಾಂಥಾರ್ನ್ ಅನ್ನುವವನು, ವಾಲಾ ವಾಲಾ ವಿರುದ್ಧ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಕಥೆ ಯಾರು ಹೇಳಿದರೂ ಸರಿ, ಬಾಕ್ಸ್ ಸ್ಕೋರ್ ನೋಡದೆ ಬರೆಯಲ್ಲ. ಪೇಪರಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗುವ ಲೆಕ್ಕ ಅದು. ಹಳೇ ಅಚ್ಚಿನಲ್ಲಿ 3 ಯಾವುದು, 8 ಯಾವುದು ಗೊತ್ತಾಗಲ್ಲ. ಅದಕ್ಕೂ ಒಂದು ತಾಳೆ ಇದೆ. ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಕಡೆಯ ಮೊತ್ತವನ್ನೂ ಬೌಲಿಂಗ್ ಕಡೆಯ ಮೊತ್ತವನ್ನೂ ಸರಿದೂಗಿಸುತ್ತೇವಲ್ಲ, ಹಾಗೆ. ಬ್ಯಾಟಿಗೆ ಬಂದವನು ಕೊನೆಗೆ ಮೂರರಲ್ಲಿ ಒಂದು ಆಗಲೇಬೇಕು: ರನ್ ಹೊಡೆಯಬೇಕು, ಔಟ್ ಆಗಬೇಕು, ಇಲ್ಲಾ ಬೇಸ್ ಮೇಲೇ ಉಳಿಯಬೇಕು. ಐದು ರನ್, ಇಪ್ಪತ್ತೇಳು ಔಟ್, ಬೇಸ್ ಮೇಲೆ ಉಳಿದವರು ಆರು ಅಂದರೆ ಒಟ್ಟು ಬ್ಯಾಟಿಗೆ ಬಂದ ಲೆಕ್ಕ ಮೂವತ್ತೆಂಟು ಇರಬೇಕು. ಮೂವತ್ತಮೂರು ಬಂದರೆ ಎಲ್ಲೋ 8 ಅನ್ನು 3 ಅಂತ ಓದಿದ್ದೇನೆ ಅಂತ ಅರ್ಥ. ಆಗ ಊರಿನ ಇನ್ನೊಂದು ಪೇಪರ್ ತೆಗೆಯುತ್ತಿದ್ದೆ. ಆಗ ಇಲ್ಲಿ 'ಒರೆಗೋನಿಯನ್' ಮತ್ತು 'ಒರೆಗಾನ್ ಜರ್ನಲ್' ಅಂತ ಎರಡು ಇದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಾಗ ತಿಪಟೂರಿನ ಮರದ ಕೆಳಗೇ ಇದ್ದೇನೆ ಅನಿಸುತ್ತಿತ್ತು.

ಲೆಕ್ಕದಲ್ಲಿ ಸಿಗದ ಸೊಗಸೂ ಇದೆ. ನ್ಯೂಯಾರ್ಕಿನ ಮೇಜರ್ ಲೀಗ್ ತಂಡ ಯಾಂಕೀಸ್‌ನಲ್ಲಿ ಮೆರೆದಿದ್ದ ಜಿಮ್ ಬೌಟನ್, ಆಟಗಾರರ ಒಳಗುಟ್ಟು ಬರೆದು ದೊಡ್ಡವರ ಕೆಂಗಣ್ಣಿಗೆ ಬಿದ್ದವನು, ಇಲ್ಲಿ ಮತ್ತೆ ಚೆಂಡು ಹಿಡಿದ. 1978ರಲ್ಲಿ ಅಟ್ಲಾಂಟಾ ಬ್ರೇವ್ಸ್ ಸೇರಿ ಮೇಜರ್ ಲೀಗ್‌ಗೂ ವಾಪಸ್ ಹೋದ. ಇವನೂ ಇನ್ನೊಬ್ಬ ಪಿಚರ್ ರಾಬ್ ನೆಲ್ಸನ್ನೂ ಹೊಗೆಸೊಪ್ಪು ಜಗಿಯುವವರ ಮಧ್ಯೆ ಕೂತು, ಅದರ ಬದಲು ಚೂರು ಚೂರು ಮಾಡಿದ ಚೂಯಿಂಗ್ ಗಮ್ ಪೊಟ್ಟಣದಲ್ಲಿ ತುಂಬಿದರೆ ಹೇಗೆ ಅಂತ ಮಾತಾಡಿಕೊಂಡರು. ಅದೇ 'ಬಿಗ್ ಲೀಗ್ ಚ್ಯೂ' ಆಯಿತು. ನನ್ನ ಮಗನ ಬ್ಯಾಗಿನಲ್ಲಿ ಇವತ್ತೂ ಒಂದು ಪೊಟ್ಟಣ ಇದೆ. ಇನ್ನು ಜೋ ಗಾರ್ಜಾ. ಒಂದೇ ಎದುರಾಳಿ ಮೇಲಿನ ಸರಣಿಯ ಎಲ್ಲ ಪಂದ್ಯ ಗೆದ್ದು ಪೂರ್ತಿ ಗುಡಿಸಿ ಹಾಕುವ ಹೊತ್ತಿಗೆ ಇವನು ಪೊರಕೆ ಹಿಡಿದು ಕುಣಿಯುತ್ತಿದ್ದ. ನೋಡೋಕೆ ಬಂದವರೂ ಪೊರಕೆ ತರುತ್ತಿದ್ದರು.

ನನ್ನ ದೊಡ್ಡ ತಪ್ಪು ಕೊನೆಯ ಅಧ್ಯಾಯದಲ್ಲಿ. ಐದೇ ವರ್ಷಕ್ಕೆ ಮುಚ್ಚಿದ ತಂಡ ಅಂದರೆ ನಷ್ಟದಿಂದಲೇ ಮುಚ್ಚಿರಬೇಕು ಅಂತ ಸುಮ್ನೆ ಬರೆದುಬಿಟ್ಟಿದ್ದೆ. ನಮ್ಮಲ್ಲಿ ತಂಡಗಳು ಹಾಗೇ ಸಾಯೋದು ಅಲ್ವಾ? ಆಮೇಲೆ 1977ರ ಲೆಕ್ಕ ಕೈಗೆ ಬಂತು. 44 ಗೆಲುವು, 22 ಸೋಲು. ಊರಿನ 33 ಪಂದ್ಯಗಳಿಗೆ 1,25,300 ಜನ. ಅವರ ಚಿಕ್ಕ ಸೀಸನ್ನಿನ ದರ್ಜೆಯಲ್ಲಿ ಅದು ಆಗಿನ ದಾಖಲೆ. ನಷ್ಟ ಎಲ್ಲಿಂದ ಬಂತು?

ಆ ಅಧ್ಯಾಯ ಹರಿದುಹಾಕಿ ಕ್ರೀಡಾ ಪುಟ ಬಿಟ್ಟು ಬೇರೆ ಪುಟಗಳಿಗೆ ಹೋದೆ. ಉತ್ತರ ಅಲ್ಲಿತ್ತು. ಆಗ ಬೇಸ್‌ಬಾಲ್‌ನಲ್ಲಿ ಊರುಗಳ ಮೇಲೆ ಲೀಗ್‌ಗಳಿಗೆ ಒಂಥರಾ ಗೇಣಿ ಹಕ್ಕು ಇರುತ್ತಿತ್ತು. ಮೇಲಿನ ದರ್ಜೆಯ ಲೀಗ್ ಬಂದು ಈ ಊರು ನಮಗೆ ಬೇಕು ಅಂದರೆ ಕೆಳಗಿನವರು ಪರಿಹಾರ ತಗೊಂಡು ಜಾಗ ಬಿಡಬೇಕಿತ್ತು. ಇಷ್ಟು ಜನ ಬರುವುದು ನೋಡಿ, ಹಿಂದೆ ಬೀವರ್ಸ್ ಆಡುತ್ತಿದ್ದ ಟ್ರಿಪಲ್ ಎ ದರ್ಜೆಯ ಪೆಸಿಫಿಕ್ ಕೋಸ್ಟ್ ಲೀಗ್‌ಗೆ ಪೋರ್ಟ್‌ಲ್ಯಾಂಡ್ ಮತ್ತೆ ರುಚಿಸಿತು. ಕೊಡಲು ಬಂದ ಪುಡಿಗಾಸಿಗೆ ಬಿಂಗ್ ಒಪ್ಪಲಿಲ್ಲ, ಪಂಚಾಯ್ತಿಗೆ ಹೋದ. ಅವನು ಕೇಳಿದ 2,06,000 ಡಾಲರ್ ಸಿಕ್ಕಿತು. ಗೆದ್ದ, ಆದರೆ ತಂಡ ಹೋಯಿತು. 1978ರಲ್ಲಿ ಬೀವರ್ಸ್ ವಾಪಸ್ ಬಂತು. ಮ್ಯಾವರಿಕ್ಸ್‌ನ ಕೊನೆಯ ಆಟ ಅದಕ್ಕೂ ಮುಂಚೆ, ಬೆಲ್ಲಿಂಗ್‌ಹ್ಯಾಮ್ ಮೇಲಿನ ಮೂರು ಪಂದ್ಯಗಳ ಫೈನಲ್‌ನಲ್ಲಿ. 2-1ರಲ್ಲಿ ಸೋತರು. ಐದು ವರ್ಷದಲ್ಲಿ ಒಂದು ಸಲವೂ ಲೀಗ್ ಗೆಲ್ಲಲಿಲ್ಲ.

ಅವರು ಆಡಿದ ಸಿವಿಕ್ ಸ್ಟೇಡಿಯಂ ಈಗ ಪ್ರಾವಿಡೆನ್ಸ್ ಪಾರ್ಕ್. ಅಲ್ಲಿ ನಡೆಯೋದು ಫುಟ್‌ಬಾಲ್. ಒಂದು ಶನಿವಾರ ಟಿಕೆಟ್ ತಗೊಂಡು ಹೋಗಿ, ಬ್ಯಾಟಿನವನು ನಿಲ್ಲುವ ಹೋಮ್ ಪ್ಲೇಟ್ ಎಲ್ಲಿತ್ತು ಅಂತ ಹಳೇ ಫೋಟೋ ಹಿಡಿದು ಹುಡುಕಿದೆ. ಪಕ್ಕದವನು ಗೋಲು ನೋಡು ಮಾರಾಯ ಅನ್ನೋ ಹಾಗೆ ನೋಡಿದ.

ಪುಸ್ತಕ ಅಚ್ಚಾಗಿ ಬಂದ ತಿಂಗಳು ನಮ್ಮ ತಂಡ ಶನಿವಾರ, ಭಾನುವಾರ ಎರಡೂ ಮ್ಯಾಚ್ ಗೆದ್ದಿತು. ನಮ್ಮ ವಿಕೆಟ್ ಕೀಪರ್ ಕಾರಿನ ಡಿಕ್ಕಿಯಿಂದ ತೆಂಗಿನ ಕಡ್ಡಿ ಪೊರಕೆ ತೆಗೆದ. ಇಂಡಿಯನ್ ಅಂಗಡಿಯಲ್ಲಿ ಕೊಂಡಿದ್ದನಂತೆ. ಎದುರಿನ ತೆಲುಗು ಹುಡುಗರ ಮುಖ ಕಪ್ಪಿಟ್ಟಿತು. ಪೊರಕೆ ತೋರಿಸಿದರೆ ಏನರ್ಥ ಅಂತ ಅವರಿಗೂ ಗೊತ್ತು. ನಾನು ಓಡಿಹೋಗಿ ಜೋ ಗಾರ್ಜಾ ಯಾರು ಅಂತ ಹೇಳೋಕೆ ಶುರು ಮಾಡಿದೆ. ಅವರು ಪೂರ್ತಿ ಕೇಳಲಿಲ್ಲ. ಪೊರಕೆ ಇಸ್ಕೊಂಡು, ಮ್ಯಾಟಿನ ಮೇಲಿದ್ದ ಎಲೆ ಗುಡಿಸಿ, ಮುಂದಿನ ವಾರ ಬರ್ತೀವಿ ಅಂತ ಹೋದರು.