ಮೊನಾಕೊ ಸರ್ಕಿಟ್ಟನ್ನು ನಡೆದು ನೋಡುವ ಬಗೆ

ಮೊನಾಕೊ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ 1 ಕಾರ್ ರೇಸ್ ನಡೆಯುವ ಹಾದಿ ಉಳಿದ ದಿನಗಳಲ್ಲಿ ಊರಿನ ಮಾಮೂಲಿ ರಸ್ತೆ. ಉದ್ದ 3.337 ಕಿ.ಮೀ., ತಿರುವು 19. ನಿಂತು ನೋಡುತ್ತ ನಡೆದರೆ ಒಂದೂವರೆ ಗಂಟೆ ಬೇಕು. ರೇಸಿಗೆ ವಾರಗಟ್ಟಲೆ ಮೊದಲೇ ತಡೆಬೇಲಿ, ಗ್ಯಾಲರಿ ಕಟ್ಟುತ್ತಾರೆ. ಆ ಹೊತ್ತಿಗೆ ಹೋದರೆ ರಸ್ತೆ ಸರಿಯಾಗಿ ಕಾಣದು. ರೇಸಿನ ದಿಕ್ಕಿನಲ್ಲೇ, ಅಂದರೆ ಪ್ರದಕ್ಷಿಣೆಯಾಗಿ, ಫುಟ್‌ಪಾತ್ ಮೇಲೆ ನಡೆಯಿರಿ. ತಿರುಗುಮುರುಗಾಗಿ ಹೊರಟರೆ ಚಾಲಕರು ಹತ್ತುವ ಏರನ್ನು ನೀವು ಇಳಿಯುತ್ತೀರಿ, ಬ್ರೇಕ್ ಹಾಕುವ ಜಾಗಗಳ ಲೆಕ್ಕವೇ ತಪ್ಪುತ್ತದೆ.

ಮೊದಲ ತಿರುವು ಸೇಂತ್ ದೆವೋತ್, ಪುಟ್ಟ ಚರ್ಚಿನ ಎದುರು. 1929ರ ಏಪ್ರಿಲ್ 14ರ ಮೊದಲ ರೇಸನ್ನು ಬುಗಾಟಿ ಕಾರಿನಲ್ಲಿ ಗೆದ್ದ ವಿಲಿಯಂ ಗ್ರೋವರ್-ವಿಲಿಯಮ್ಸ್ ಅವರ ಪ್ರತಿಮೆ ಇಲ್ಲೇ ಇದೆ. ಮುಂದಿನ ಏರು ಹತ್ತಿ ಕ್ಯಾಸಿನೊ ಚೌಕ ದಾಟಿದ ಮೇಲೆ ಇಳಿಜಾರಿನ ಎಡಬದಿಯನ್ನು ಗಮನಿಸಿ. ಅಲ್ಲಿನ ದೊಡ್ಡ ಉಬ್ಬನ್ನು ತಪ್ಪಿಸಲೆಂದೇ ಕಾರುಗಳು ಬಲಕ್ಕೆ ಸರಿಯುತ್ತವೆ. ಟಿವಿಯಲ್ಲಿ ಅದು ಸುಮ್ಮನೆ ವಾಲಾಡಿದಂತೆ ಕಾಣುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಫೇರ್‌ಮಾಂಟ್ ಹೋಟೆಲ್ ಮುಂದಿನ ಹೇರ್‌ಪಿನ್‌ನಲ್ಲಿ, ಅಂದರೆ ಪೂರ್ತಿ ಹಿಂದಕ್ಕೆ ಹೊರಳುವ ಬಿಗಿ ತಿರುವಿನಲ್ಲಿ. ಹಿಂದೆ ಇಲ್ಲಿ ರೈಲು ನಿಲ್ದಾಣವಿತ್ತು. ಫಾರ್ಮುಲಾ 1ರಲ್ಲಿ ಇಷ್ಟು ನಿಧಾನದ ತಿರುವು ಬೇರೊಂದಿಲ್ಲ, ವೇಗ ಗಂಟೆಗೆ ಸುಮಾರು 50 ಕಿ.ಮೀ. ಮಾಮೂಲಿ ಸ್ಟಿಯರಿಂಗ್‌ಗೆ ಚಕ್ರ ಇಷ್ಟು ಹೊರಳುವುದಿಲ್ಲ. ಹಾಗಾಗಿ ಇದೊಂದು ರೇಸಿಗಾಗಿಯೇ ತಂಡಗಳು ಚಕ್ರ ಇನ್ನಷ್ಟು ಹೊರಳುವಂತೆ ಬಿಡಿಭಾಗ ಬದಲಿಸುತ್ತವೆ. ಒಳಅಂಚಿನಲ್ಲಿ ನಿಂತು ರಸ್ತೆ ಎಷ್ಟು ಕಡಿದಾಗಿ ಇಳಿಯುತ್ತದೆ ನೋಡಿ, ಹಿಂದಿಕ್ಕುವುದು ಇಲ್ಲೇಕೆ ಅಷ್ಟು ಕಷ್ಟ ಎಂಬುದು ಕಾಲಿಗೇ ತಿಳಿಯುತ್ತದೆ.

ಕೆಳಗಿನ ಪೋರ್ತಿಯೇ ತಿರುವಿನಲ್ಲಿ 1988ರಲ್ಲಿ ಮುಂಚೂಣಿಯಲ್ಲಿದ್ದ ಬ್ರೆಜಿಲ್‌ನ ಚಾಲಕ ಐರ್ಟನ್ ಸೆನ್ನಾ ತಡೆಬೇಲಿಗೆ ಬಡಿದು ರೇಸ್ ಕಳೆದುಕೊಂಡರು. ಅವರು ಇಲ್ಲಿ ಆರು ಸಲ ಗೆದ್ದವರು.

ಸುರಂಗದೊಳಗೆ ಫುಟ್‌ಪಾತ್ ಇದೆ, ಸದ್ದು ಮಾತ್ರ ಜೋರು. ನೇರವಲ್ಲ, ಬಲಕ್ಕೆ ಬಾಗಿದೆ. ಹೊರಗೆ ಬರುತ್ತಲೇ ಬೆಳಕು ಕಣ್ಣಿಗೆ ಹೊಡೆಯುತ್ತದಲ್ಲ, ಚಾಲಕರು ಬ್ರೇಕ್ ಒತ್ತುವುದು ಆಗಲೇ. ಮಳೆಯಲ್ಲಿ ಒಳಗೆ ಒಣನೆಲ, ಹೊರಗೆ ಒದ್ದೆ. ಮುಂದಿನ ಶಿಕೇನ್ (ವೇಗ ತಗ್ಗಿಸಲು ಮಾಡಿದ ಎಡ-ಬಲದ ಬಿಗಿ ತಿರುವು) ಬಳಿಯೇ 1955ರಲ್ಲಿ ಚಾಲಕ ಆಲ್ಬರ್ಟೊ ಅಸ್ಕಾರಿ ಕಾರು ಸಮೇತ ಬಂದರಿನ ನೀರಿಗೆ ಬಿದ್ದು, ಈಜಿ ಪಾರಾದದ್ದು.

ತಬಾಕ್ ತಿರುವು ದಾಟಿದರೆ ಈಜುಕೊಳದ ತಿರುವುಗಳು. ಇವು 1973ರಲ್ಲಿ ಸೇರಿದವು. ರಾಸ್ಕಾಸ್ ತಿರುವು ಸುತ್ತಿದ ಮೇಲಿನ ಕೊನೆಯ ತಿರುವಿಗೆ ಈ ರೇಸನ್ನು ಶುರು ಮಾಡಿದ ಆಂತೊನಿ ನೊಗೆಸ್ ಅವರ ಹೆಸರು. ಅಲ್ಲಿಂದ ಮುಂದಕ್ಕೆ ನೋಡಿ: ನೇರದಾರಿ ಎಂದು ಕರೆಸಿಕೊಳ್ಳುವ ಆ ರಸ್ತೆಯೂ ಬಲಕ್ಕೆ ಬಾಗಿಯೇ ಇದೆ.